ಕೆಂಪು ಕಾಣದ ಫಿಲ್ಮು

ನಮ್ಮ ಕಡೆ ಹೆಣ್ಣು ನೋಡಿ ಬಂದವರನ್ನು “ಹುಡುಗಿ ಹೆಂಗದಾಳ?” ಎಂದು ಕೇಳಿದರೆ, ಮನಸ್ಸಿಗೆ ಬಂದಿದ್ದಲ್ಲಿ, “ಕೆಂಪಗ ಲಕ್ಷಣ ಅದಾಳ” ಎಂಬ ಉತ್ತರ ಬರುತ್ತದೆ. ಈ ಕೆಂಪು ಕುಂಕುಮದ ಕೆಂಪಲ್ಲ, ದಾಸವಾಳದ ಕೆಂಪೂ ಅಲ್ಲ. ಬಿಳುಪಿಗೆ ರಕ್ತದ ಕಳೆ ಕೂಡಿದ ಮೈಬಣ್ಣಕ್ಕೆ ಕನ್ನಡಿಗರು ಇಟ್ಟುಕೊಂಡ ಹೆಸರು. ಮೈಬಣ್ಣದ ಮಾತು ಬಂದಾಗ ಕಪ್ಪಿಗೆ ಎದುರು ನಿಲ್ಲುವ ಶಬ್ದ ನಮ್ಮಲ್ಲಿ ಹಲವು ಸಲ ಬಿಳುಪಲ್ಲ, ಕೆಂಪು. ಈ ನುಡಿಗಟ್ಟನ್ನು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವಿದೆ. ಕೆಂಪನ್ನು ಕಪ್ಪಾಗಿಯೇ ಕಾಣುವ ಒಂದು ಬಗೆಯ ಫಿಲ್ಮು ಉಂಟು. ನಮ್ಮ ಅಜ್ಜಿ ಮುತ್ತಜ್ಜಿಯರ ಮುಖಗಳನ್ನು ಹಿಡಿದಿಟ್ಟದ್ದು ಬಹುಮಟ್ಟಿಗೆ ಆ ಜಾತಿಯ ಫಿಲ್ಮು, ಆ ಜಾತಿಯ ಗಾಜಿನ ಫಲಕ. ಅವರನ್ನು ಕಣ್ಣಾರೆ ಕಂಡವರು ಇಂದು ಹೆಚ್ಚಿಗೆ ಉಳಿದಿಲ್ಲ. ಉಳಿದಿರುವುದು ಪಡಸಾಲೆಯ ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟ ಭಾವಚಿತ್ರ. ಅದು ಹೇಳಿದ್ದೇ ಸಾಕ್ಷಿ.

ಬಣ್ಣವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದು, ಅದರಲ್ಲಿಯೂ ಬಣ್ಣವೇ ಇಲ್ಲದ ಚಿತ್ರದೊಳಗಿನ ಬಣ್ಣವನ್ನು ಕುರಿತು ಮಾತನಾಡುವುದು, ಸ್ವಲ್ಪ ವಿಚಿತ್ರವೇ ಸರಿ. ಆದರೂ ಇಳಕಲ್ಲ ಸೀರೆಯ ಸೆರಗನ್ನೋ ಮಳೆಗಾಲದ ಘಟಪ್ರಭೆಯನ್ನೋ ಮನಸ್ಸಿನ ಮುಂದೆ ತಂದುಕೊಳ್ಳುವುದು ನಮ್ಮ ಸೀಮೆಯವರಿಗೆ ಕಷ್ಟವಾಗಲಾರದೆಂದು ಧೈರ್ಯ ಮಾಡಿದ್ದೇನೆ.

ಛಾಯಾಗ್ರಹಣದ ಮೂಲದ್ರವ್ಯ ಬೆಳ್ಳಿಯ ಲವಣ. ಬೆಳಕು ಬಿದ್ದಲ್ಲಿ ಅದು ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾಗಿ ಮಾರ್ಪಡುತ್ತದೆ. ಫಿಲ್ಮನ್ನು ರಾಸಾಯನಿಕದಲ್ಲಿ ತೊಳೆದಾಗ ಆ ಮಾರ್ಪಟ್ಟ ಹರಳುಗಳು ಮಾತ್ರ ಕಪ್ಪು ಬೆಳ್ಳಿಯಾಗಿ ನಿಲ್ಲುತ್ತವೆ. ಆದರೆ ಈ ಲವಣಕ್ಕೆ ಎಲ್ಲ ಬೆಳಕೂ ಬೆಳಕಲ್ಲ. ನೀಲಿ, ನೇರಳೆ, ನಮ್ಮ ಕಣ್ಣಿಗೆ ನಿಲುಕದ ಅತಿನೇರಳೆ, ಇಷ್ಟೇ ಅದರ ಲೋಕ. ಹಸಿರು, ಹಳದಿ, ಕೆಂಪುಗಳು ಸ್ವಭಾವತಃ ಅದರ ಪಾಲಿಗೆ ಕತ್ತಲೆ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿ ಮುಂಬಯಿ ಸರಕಾರದ ಪರವಾಗಿ ವಿಜಾಪುರ, ಬಾದಾಮಿ, ಐಹೊಳೆಗಳ ಕಟ್ಟಡಗಳನ್ನು ಕಾಗದದ ನೆಗೆಟಿವ್‌ಗಳ ಮೇಲೆ ಹಿಡಿದನು. ಮೆಡೋಸ್ ಟೇಲರ್ ಮತ್ತು ಫರ್ಗುಸನ್ನರ ಬರಹದೊಡನೆ 1866ರಲ್ಲಿ ಪ್ರಕಟವಾದ ದೊಡ್ಡ ಸಂಪುಟಗಳಲ್ಲಿ ಅವನ ಚಿತ್ರಗಳು ಸೇರಿವೆ. ಆ ಕಾಲದ ಇಂಥ ಚಿತ್ರಗಳಲ್ಲಿ ಗುಡಿಯ ಕಂಬ, ಬೋದಿಗೆ, ಕಮಾನುಗಳೆಲ್ಲ ಎಣಿಸುವಂತಿರುತ್ತವೆ, ಇರದಿರುವುದು ಆಕಾಶ. ಆಕಾಶದ ನೀಲಿ ಫಲಕಕ್ಕೆ ಎಷ್ಟು ಪ್ರಖರವೋ ಬಿಳಿಯ ಮೋಡವೂ ಅಷ್ಟೇ ಪ್ರಖರ. ಎರಡೂ ಒಂದಾಗಿ ಬರಿಯ ಬಿಳಿ ಕಾಗದವಾಗಿಬಿಡುತ್ತವೆ. ಬಾದಾಮಿಯ ಕೆಂಬಂಡೆಯಾದರೋ ಮಸಿ ಬಳಿದಂತೆ ಕಪ್ಪಾಗುತ್ತದೆ.

1873ರಲ್ಲಿ ಬರ್ಲಿನ್ನಿನ ಹರ್ಮನ್ ಫೋಗೆಲ್ ಎಂಬ ರಸಾಯನಶಾಸ್ತ್ರಜ್ಞ, ಲವಣಕ್ಕೆ ತಕ್ಕ ಬಣ್ಣದ ಪುಡಿಯೊಂದನ್ನು ಸ್ವಲ್ಪ ಬೆರೆಸಿದರೆ ಆ ಪುಡಿ ಹೀರುವ ಬೆಳಕಿಗೂ ಅದು ಎಚ್ಚರಗೊಳ್ಳುತ್ತದೆ ಎಂಬುದನ್ನು ಕಂಡುಹಿಡಿದನು. ಹೀಗೆ ಹಸಿರನ್ನೂ ಹಳದಿಯನ್ನೂ ಕಾಣಬಲ್ಲ ಫಲಕಗಳು ಬಂದುವು. ಇವುಗಳನ್ನು ಆರ್ಥೋಕ್ರೊಮ್ಯಾಟಿಕ್ ಎಂದು ಕರೆದರು. ಗ್ರೀಕ್ ಮೂಲದ ಈ ಮಾತಿಗೆ ‘ಸರಿಯಾದ ಬಣ್ಣದ್ದು’ ಎಂದರ್ಥ. ಕೆಂಪಿಗೆ ಪೂರ್ತಿ ಕುರುಡಾದುದಕ್ಕೆ ಸರಿಯಾದ ಬಣ್ಣದ್ದೆಂಬ ಬಿರುದು! ಕೆಂಪನ್ನೂ ಕಾಣುವ ಪ್ಯಾಂಕ್ರೊಮ್ಯಾಟಿಕ್ ಫಲಕಗಳು 1906ರಲ್ಲಿ ಇಂಗ್ಲೆಂಡಿನಲ್ಲಿ ಮಾರಾಟಕ್ಕೆ ಬಂದವಾದರೂ ಆರ್ಥೋ ಅಲ್ಲಿಗೇ ಅಳಿಯಲಿಲ್ಲ. ಪೆಟ್ಟಿಗೆ ಕ್ಯಾಮರಾದವರು ಜಗತ್ತಿನಾದ್ಯಂತ ಬಳಸಿದ ಕೊಡಕ್ಕಿನ ವೆರಿಕ್ರೋಮ್ ಫಿಲ್ಮು 1931ರಲ್ಲಿ ಹುಟ್ಟಿದಾಗ ಆರ್ಥೋ ಆಗಿತ್ತು. ಅದು ಪ್ಯಾನ್ ಆದದ್ದು 1956ರಲ್ಲಿ. ಹಾಗೆ ಉಳಿದುಬಂದದ್ದಕ್ಕೆ ಅಗ್ಗದ ಬೆಲೆಯೊಂದೇ ಕಾರಣವಲ್ಲ. ಕೆಂಪು ಕಾಣದ ಫಿಲ್ಮನ್ನು ಕೆಂಪು ದೀಪದ ಬೆಳಕಿನಲ್ಲಿ ಕಣ್ಣಿಂದ ನೋಡುತ್ತ ತೊಳೆಯಬಹುದು. ಗಡಿಯಾರವಾಗಲಿ ಉಷ್ಣಮಾಪಕವಾಗಲಿ ಇಲ್ಲದ ಸಣ್ಣ ಊರಿನ ಸ್ಟುಡಿಯೋದವನಿಗೆ ಇದು ದೊಡ್ಡ ಅನುಕೂಲ. ಎಲ್ಲವನ್ನೂ ಕಾಣುವ ಪ್ಯಾನ್ ಫಿಲ್ಮಿಗಾದರೆ ಅಮವಾಸ್ಯೆಯಂಥ ಕತ್ತಲೆಯೇ ಬೇಕು.

ಕಪ್ಪುಬಿಳುಪು ಫಿಲ್ಮಿನ ಕಾಲ ಮುಗಿದೇಹೋಯಿತೆಂದು ತಿಳಿದವರು ಬಹಳ. ನಮ್ಮ ದೇಶದ್ದೇ ಆದ ‘ಇಂದು’ ಫಿಲ್ಮು ಹೋದದ್ದು ನಿಜ. ಅದನ್ನು ತಯಾರಿಸುತ್ತಿದ್ದ, 1960ರಲ್ಲಿ ಉದಕಮಂಡಲದಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆ ಬಾಗಿಲು ಮುಚ್ಚಿದೆ. ಪೂರ್ವ ಜರ್ಮನಿಯಿಂದ ಬರುತ್ತಿದ್ದ ಓರ್ವೋ ರೋಲುಗಳನ್ನು ನೆನೆಯುವವರು ಈಗಲೂ ಸಿಗುತ್ತಾರೆ. ಆದರೆ ಇಂಗ್ಲೆಂಡಿನ ಇಲ್ಫರ್ಡ್ ಸಂಸ್ಥೆ, ಹಿಂದೆ ನಕಲು ತೆಗೆಯುವ ಕೆಲಸಕ್ಕೆಂದು ಹಾಳೆಯ ರೂಪದಲ್ಲಿ ಮಾತ್ರ ಮಾಡುತ್ತಿದ್ದ ತನ್ನ ಆರ್ಥೋ ಪ್ಲಸ್ ಫಿಲ್ಮನ್ನು 2019ರಲ್ಲಿ ರೋಲುಗಳಾಗಿ ಹೊರತಂದಿತು. ಹಳೆಯ ಕಾಲದ ಸೋಗು ಹಾಕಿ ಚಿತ್ರ ತೆಗೆಯುವ ಹುಚ್ಚಿಗಾಗಿ ಇದನ್ನು ಕೊಳ್ಳುವವರಿದ್ದಾರೆ. ಅದು ನನಗೆ ಅಷ್ಟಾಗಿ ರುಚಿಸದು. ಹಿರಿಯರ ಚಿತ್ರಗಳನ್ನು ತೆಗೆದ ಕಣ್ಣು ಎಂಥದೆಂಬುದನ್ನು ಆ ಕಣ್ಣಿನಿಂದಲೇ ನೋಡಿ ತಿಳಿಯಬೇಕೆಂಬ ಆಸೆಯಿಂದ ನಾನು ಅದನ್ನು ಎರಡು ಲೆನ್ಸುಗಳ ಹಳೆಯ ಕ್ಯಾಮರಾಕ್ಕೆ ತುಂಬಿಕೊಂಡು ಗೋಕಾಕ, ಹುಕ್ಕೇರಿ, ಮೂಡಲಗಿಗಳನ್ನು ಸುತ್ತಿದೆ. ರೋಲಿಗೆ ಹನ್ನೆರಡು ಚಿತ್ರ.

ಗೋಕಾಕದಲ್ಲಿ ಘಟಪ್ರಭೆ ನಸುಗೆಂಪು ಮರಳುಗಲ್ಲಿನ ಕುದುರೆಲಾಳದಂಥ ಅಂಚಿನಿಂದ ಸುಮಾರು 52 ಮೀಟರ್ ಕೆಳಕ್ಕೆ ಧುಮುಕುತ್ತದೆ. ಶ್ರಾವಣದ ನೀರು ಎಲ್ಲರೂ ಬಲ್ಲಂತೆ ಕೆಮ್ಮಣ್ಣು ಕದಡಿದ ನೀರು. ಜಲಪಾತವೆಂದರೆ ಹಾಲಿನ ನೊರೆ ಎಂದು ಬರೆದೂ ಬರೆದೂ ನಮ್ಮ ಕೈಗೆ ರೂಢಿಯಾಗಿದೆ. ಬಣ್ಣದ ಚಿತ್ರದಲ್ಲಿ ಅದು ಚಹದಂತೆ ಕಾಣುತ್ತದೆ. ಆರ್ಥೋದಲ್ಲಿ ಎರಡೂ ಅಲ್ಲ. ಮಣ್ಣಿನ ಕೆಂಪು ಅದಕ್ಕೆ ಕತ್ತಲೆಯಾದುದರಿಂದ ನೀರಿನ ಮೈ ಕರಗಿಸಿದ ಸೀಸದಂತೆ ಕಪ್ಪಾಗಿ, ಭಾರವಾಗಿ, ಬಂಡೆಯಿಂದ ಬಂಡೆಯೇ ಕಳಚಿ ಬೀಳುತ್ತಿರುವಂತೆ ತೋರುತ್ತದೆ. ಕೆಳಗಿನಿಂದ ಏಳುವ ತುಂತುರು ಮಾತ್ರ ಅಚ್ಚ ಬಿಳುಪು. ಏಕೆಂದರೆ ಆ ಸೂಕ್ಷ್ಮ ಹನಿಗಳು ಬೆಳಕನ್ನು ಯಾವ ಬಣ್ಣವೂ ಬೆರೆಯದಂತೆ ಚದರಿಸುತ್ತವೆ. ಆಚೆ ದಡದ ಗಿರಣಿಯ ಕಟ್ಟಡ, ತೂಗುಸೇತುವೆಯ ಹಗ್ಗಗಳು ಮಂಜಿನಲ್ಲಿ ಅರ್ಧ ಅಳಿಸಿಹೋಗುತ್ತವೆ. ದೂರದ ಮಬ್ಬಿನಲ್ಲಿ ನೀಲಿಯೇ ಹೆಚ್ಚು, ಈ ಫಿಲ್ಮಿಗೆ ನೀಲಿಯೆಂದರೆ ಪ್ರಾಣ. ದೂರವು ದೂರವಾಗಿಯೇ ಕಾಣುವುದು ಈ ಫಿಲ್ಮಿನ ಒಂದು ಸೊಗಸು. ಪ್ಯಾನ್ ಫಿಲ್ಮಿಗೆ ಕೆಂಪು ಗಾಜು ಹಾಕಿ ಮಬ್ಬನ್ನು ಸೀಳಿ, ಆಚೆ ದಡದ ಕಿಟಕಿಗಳನ್ನು ಎಣಿಸುವ ಚಪಲ ನನಗೂ ಇದ್ದದ್ದೇ. ಜಲಪಾತದ ಮುಂದೆ ಮಾತ್ರ ಅದು ಬೇಡವೆನ್ನಿಸುತ್ತದೆ.

ಊರ ಪೇಟೆಯಲ್ಲಿ ಗೋಕಾಕದ ಹೆಸರಾಂತ ಮರದ ಹಣ್ಣುಗಳನ್ನು ಬುಟ್ಟಿಯಲ್ಲಿಟ್ಟು ಒಂದು ಚಿತ್ರ ತೆಗೆದೆ. ನಿಜವಾದ ಹಣ್ಣೆಂದು ಕೈಹಾಕಬೇಕು, ಅಂಥ ಕೆಲಸ. ಕೆನ್ನೆ ಕೆಂಪೇರಿದ ಮಾವು ಈ ಫಿಲ್ಮಿನಲ್ಲಿ ಒಂದು ಮಗ್ಗುಲು ಕೊಳೆತ ಮಾವಾಯಿತು. ಪಕ್ಕದ ಹಸಿರು ಪೇರಲವಾದರೋ ಬೆಳದಿಂಗಳಲ್ಲಿಟ್ಟಂತೆ ಬೆಳಗುತ್ತಿತ್ತು.

ಇಲ್ಲಿ ಬೆಳಕನ್ನು ಅಳೆಯುವ ಒಂದು ತೊಡಕನ್ನು ಹೇಳಬೇಕು. ಫಿಲ್ಮಿನ ವೇಗ ಹಗಲಿನಲ್ಲಿ 80 ಎಂದೂ ವಿದ್ಯುದ್ದೀಪದಲ್ಲಿ 40 ಎಂದೂ ತಯಾರಕರು ಹೇಳುತ್ತಾರೆ. ತಂತಿ ಕಾದು ಉರಿಯುವ ಬಲ್ಬಿನ ಬೆಳಕಿನಲ್ಲಿ ಕೆಂಪು ಹೆಚ್ಚು. ಆ ಪಾಲು ಫಿಲ್ಮಿಗೆ ಸಂದಾಯವಾಗುವುದಿಲ್ಲ. ಸಂಜೆಯ ಬಿಸಿಲಿನ ಗತಿಯೂ ಇದೇ. ನಮ್ಮ ಕಣ್ಣಿಗೂ ಬೆಳಕಿನ ಮಾಪಕಕ್ಕೂ ಸಂಜೆ ಐದೂವರೆಯ ಹೊಂಬಿಸಿಲು ಧಾರಾಳವಾಗಿ ಕಂಡರೂ ಫಿಲ್ಮು ಆಗಲೇ ಬಾಗಿಲು ಹಾಕಿಕೊಳ್ಳುತ್ತಿರುತ್ತದೆ. ಆದುದರಿಂದ ಮಟಮಟ ಮಧ್ಯಾಹ್ನ 80 ಎಂದು ನಂಬಿ, ಹೊತ್ತು ಇಳಿದಂತೆ 40 ಎಂದೂ, ಸೂರ್ಯ ಕೆಂಪೇರಿದ ಮೇಲೆ 25 ಅಥವಾ ಇನ್ನೂ ಕಡಿಮೆ ಎಂದೂ ಎಣಿಸಿ ಬೆಳಕು ಕೊಡಬೇಕಾಗುತ್ತದೆ.

ಹುಕ್ಕೇರಿಯಲ್ಲಿ ಆದಿಲಶಾಹಿ ಕಾಲದ ಗುಮ್ಮಟಗಳಿವೆ. ವಿಜಾಪುರದ ಗೋಳಗುಮ್ಮಟದ ಖ್ಯಾತಿಯ ನೆರಳಿನಲ್ಲಿ ಇವುಗಳನ್ನು ಕೇಳುವವರಿಲ್ಲ. ಕಾಲದಿಂದ ಮಾಸಿದ ಅವುಗಳ ಬೂದುಬಣ್ಣದ ಮೈಯಲ್ಲಿ ಕೆಂಪಿನ ಪಾಲು ಕಡಿಮೆಯಾದುದರಿಂದ ಯಾವ ಫಿಲ್ಮಿನಲ್ಲಿ ತೆಗೆದರೂ ಗೋಡೆ ಒಂದೇ ತೆರನಾಗಿ ಬರುತ್ತದೆ, ವ್ಯತ್ಯಾಸವೆಲ್ಲ ಆಕಾಶದಲ್ಲಿ. ಆರ್ಥೋದಲ್ಲಿ ಆಕಾಶ ಬರಿದಾಗಿ, ಗುಮ್ಮಟದ ರೇಖೆ ಬಿಳಿಯ ಹಾಳೆಯ ಮೇಲೆ ಲೆಕ್ಕಣಿಕೆಯಿಂದ ಎಳೆದಂತೆ ನಿಂತಿತು. ಬಿಗ್ಸನ ಕಾಲದ ಚಿತ್ರಗಳಿಗೆ ಆ ಗಾಂಭೀರ್ಯ ಬಂದದ್ದು ಎಲ್ಲಿಂದ ಎಂಬುದು ನನಗೆ ಅಲ್ಲಿ ಸ್ಪಷ್ಟವಾಯಿತು. ಅದರಲ್ಲಿ ಅರ್ಧ ಕಟ್ಟಡದ್ದು, ಅರ್ಧ ಫಿಲ್ಮಿನ ಕುರುಡುತನದ್ದು. ಮೋಡ ಬೇಕೇಬೇಕೆನ್ನುವವರು ಹಳದಿ ಗಾಜನ್ನು ಲೆನ್ಸಿನ ಮುಂದೆ ಹಾಕಬಹುದು; ಅದು ನೀಲಿಯನ್ನು ತಡೆಯುತ್ತದೆ, ಹಸಿರಿನ ಬಲದ ಮೇಲೆ ಚಿತ್ರ ಮೂಡುತ್ತದೆ. ಕೆಂಪು ಗಾಜು ಹಾಕಿದರೆ ಮಾತ್ರ ಮುಚ್ಚಳ ಹಾಕಿದಂತೆಯೇ. ಇನ್ನೊಂದು ಗುಣವನ್ನೂ ಗಮನಿಸಿದೆ. ಕಮಾನಿನ ಒಳಮಗ್ಗುಲ ನೆರಳಿಗೆ ಬೀಳುವ ಬೆಳಕು ಆಕಾಶದ ನೀಲಿ ಬೆಳಕು. ಆದುದರಿಂದ ಕಣ್ಣಿಗೆ ಕಪ್ಪಾಗಿ ಕಂಡ ನೆರಳಿನೊಳಗಿನ ಕುಸುರಿಯನ್ನು ಈ ಫಿಲ್ಮು ನಾವು ಊಹಿಸಿದ್ದಕ್ಕಿಂತ ಚೆನ್ನಾಗಿ ಎತ್ತಿ ತೋರುತ್ತದೆ.

ತೊಳೆಯುವ ಕೆಲಸವನ್ನು ನಾನು ಮನೆಯಲ್ಲಿಯೇ ಮಾಡುತ್ತೇನೆ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಇಳಿಬಿಟ್ಟರೆ ಕತ್ತಲೆಕೋಣೆ ಸಿದ್ಧ. ಬೇಕಾದದ್ದು ಕಡುಗೆಂಪು ದೀಪ. ಅಂಗಡಿಯಲ್ಲಿ ಕೆಂಪೆಂದು ಮಾರುವ ಬಲ್ಬೆಲ್ಲ ಕೆಂಪಲ್ಲ. ಕೆಲವುಗಳಲ್ಲಿ ಹಳದಿ, ಹಸಿರಿನ ಸೋರಿಕೆಯಿರುತ್ತದೆ. ಇದಕ್ಕೊಂದು ಹಳೆಯ ಪರೀಕ್ಷೆಯಿದೆ. ಫಿಲ್ಮಿನ ತುಂಡಿನ ಮೇಲೆ ಒಂದು ರೂಪಾಯಿ ನಾಣ್ಯವನ್ನಿಟ್ಟು ಆ ದೀಪದಡಿ ಐದು ನಿಮಿಷ ಬಿಡಬೇಕು. ಬಳಿಕ ತೊಳೆದಾಗ ನಾಣ್ಯದ ಗುರುತು ಮೂಡಿದರೆ ದೀಪ ನಂಬಿಕೆಗೆ ಅರ್ಹವಲ್ಲ. ಏನೂ ಮೂಡದಿದ್ದರೆ ನಾಲ್ಕಡಿ ದೂರದಲ್ಲಿ ಅದನ್ನು ಉರಿಸಬಹುದು. ನಂಬಿಕೆಯ ದೀಪವನ್ನೂ ನಾನು ಮೊದಲ ಎರಡು ಮೂರು ನಿಮಿಷ ಆರಿಸಿಯೇ ಇಡುತ್ತೇನೆ.

ಡೆವಲಪರ್ ಆಗಿ ಡಿ 76 ಎಂಬ ಹಳೆಯ ಪಾಕವೇ ಸಾಕು. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ನಿರ್ಜಲ ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ನಾಲ್ಕು ಪುಡಿಗಳನ್ನು ತೂಗುವ ತಾಳ್ಮೆಯಿಲ್ಲದವರಿಗೆ ಡಿ 23 ಇದೆ: ಮೆಟಾಲ್ ಏಳೂವರೆ ಗ್ರಾಂ, ಸಲ್ಫೈಟ್ ನೂರು ಗ್ರಾಂ, ಮುಗಿಯಿತು. ಇದು ಸ್ವಲ್ಪ ಮೃದು ಸ್ವಭಾವದ್ದು. ಬಿಳಿ ಧೋತರ, ಕರಿ ಮುಖ ಒಂದೇ ಚೌಕಟ್ಟಿನಲ್ಲಿ ಬರುವ ನಮ್ಮ ಬಿಸಿಲಿಗೆ ಆ ಮೃದುತನವೇ ಒಳ್ಳೆಯದು.

ಕಷ್ಟವೆಲ್ಲ ಉಷ್ಣತೆಯದು. ಫಿಲ್ಮಿನ ಜತೆ ಬರುವ ಚೀಟಿಗಳೆಲ್ಲ 20 ಡಿಗ್ರಿಯ ನೀರನ್ನು ಕಲ್ಪಿಸಿಕೊಂಡು ಬರೆದವು. ಏಪ್ರಿಲ್ ತಿಂಗಳಲ್ಲಿ ನಮ್ಮ ಮಾಳಿಗೆಯ ಟಾಕಿಯ ನೀರಿನಲ್ಲಿ ಅಕ್ಕಿಯನ್ನು ನೆನೆಹಾಕಿದರೆ ಅರ್ಧ ಅನ್ನವಾದೀತು! ಒಂದೊಂದು ಡಿಗ್ರಿ ಏರಿದಂತೆ ತೊಳೆಯುವ ವೇಳೆಯನ್ನು ಸುಮಾರು ಹತ್ತನೆಯ ಒಂದು ಪಾಲಿನಂತೆ ಇಳಿಸುತ್ತ ಹೋಗಬೇಕು. 20 ಡಿಗ್ರಿಯಲ್ಲಿ ಹತ್ತು ನಿಮಿಷದ ಕೆಲಸ 24ರಲ್ಲಿ ಆರೂವರೆ ನಿಮಿಷಕ್ಕೆ, 30ರಲ್ಲಿ ಮೂರೂವರೆ ನಿಮಿಷಕ್ಕೆ ಬರುತ್ತದೆ. ಐದು ನಿಮಿಷಕ್ಕಿಂತ ಕಡಿಮೆಯಾದರೆ ದ್ರವ ಎಲ್ಲೆಡೆ ಸಮನಾಗಿ ಹತ್ತುವ ಮೊದಲೇ ವೇಳೆ ಮುಗಿದು, ಚಿತ್ರದಲ್ಲಿ ಪಟ್ಟೆಗಳು ಮೂಡುತ್ತವೆ. ಬರ್ಫದ ತುಂಡುಗಳಿಂದ ತಣಿಸಬಹುದು, ಆದರೆ ಅದು ಒಮ್ಮೆಲೆ ಇಳಿಸುತ್ತದೆ, ಮತ್ತೆ ಏರುತ್ತದೆ. ಅದಕ್ಕಿಂತ ನಮ್ಮ ಮಣ್ಣಿನ ಹರವಿ ಲೇಸು. ರಾತ್ರಿ ತುಂಬಿಟ್ಟು ಒದ್ದೆ ಬಟ್ಟೆ ಸುತ್ತಿದರೆ ಬೇಸಗೆಯ ಒಣಗಾಳಿಗೆ ಬೆಳಗಿನ ಜಾವ ನೀರು 25ರ ಆಸುಪಾಸಿಗೆ ಬಂದು ನಿಲ್ಲುತ್ತದೆ, ಬಹಳ ಹೊತ್ತು ಅಲ್ಲಿಯೇ ಇರುತ್ತದೆ. ಡೆವಲಪರಿಗೆ ಅಷ್ಟೇ ಪ್ರಮಾಣದ ನೀರು ಬೆರೆಸಿ ತೆಳುವಾಗಿಸಿದರೆ ವೇಳೆಯೂ ಹಿಗ್ಗುತ್ತದೆ. ಹದವಾದದ್ದು ಡೆವಲಪರ್ ಒಂದೇ ಆದರೆ ಸಾಲದು. ಹೈಪೋ, ತೊಳೆಯುವ ನೀರು ಎಲ್ಲವೂ ಅದೇ ಹರವಿಯಿಂದ ಬರಬೇಕು. ತಣ್ಣಗಿನದರಿಂದ ಬಿಸಿಯದಕ್ಕೆ ಹಾರಿದ ಫಿಲ್ಮಿನ ಜೆಲಟಿನ್ ಒಣಗಿದ ಕೆರೆಯ ತಳದಂತೆ ಬಿರಿಯುತ್ತದೆ. ಮಳೆಗಾಲದಲ್ಲಿ ಹರವಿ ಅಷ್ಟು ತಣಿಸದು, ಗಾಳಿಯಲ್ಲಿಯೇ ನೀರಿರುತ್ತದೆಯಲ್ಲ. ಆದರೆ ಆಗ ನಲ್ಲಿಯ ನೀರೇ ಹದವಾಗಿರುತ್ತದೆ.

ಮುಂದಿನದು ಈ ಫಿಲ್ಮು ಕೊಡುವ ಸುಖ. ಸುಮಾರು ಎಂಬತ್ತು ಸೆಂಟಿಮೀಟರಿನ ರೋಲಿನ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ತಟ್ಟೆಯಲ್ಲಿಯ ದ್ರವದಲ್ಲಿ ತೊಟ್ಟಿಲು ತೂಗಿದಂತೆ ಮೇಲೆ ಕೆಳಗೆ ಆಡಿಸುತ್ತಿರಬೇಕು. ಕೆಂಪು ದೀಪ ಹಚ್ಚಿದಾಗ ಕೆನೆಬಣ್ಣದ ಪಟ್ಟಿಯ ಮೇಲೆ ಮೊದಲು ಆಕಾಶಗಳು ಮೂಡುತ್ತವೆ, ಕರಿಯ ಚೌಕಗಳಾಗಿ. ನೆಗೆಟಿವ್‌ನಲ್ಲಿ ಬೆಳಕೇ ಕಪ್ಪು. ಅನಂತರ ಧೋತರ, ಪಟಕ, ಆಮೇಲೆ ಕಬ್ಬಿನ ಎಲೆ. ಮುಖಗಳು ಬಹಳ ತಡವಾಗಿ ಬರುತ್ತವೆ. ಹಣೆಯ ಕುಂಕುಮ ಇರುವಲ್ಲಿ ಕೊನೆಯವರೆಗೂ ಏನೂ ಬರುವುದಿಲ್ಲ. ಹಳೆಯ ಸ್ಟುಡಿಯೋದವರು ಇದನ್ನು ದಿನವೂ ಕಂಡಿರಬೇಕು. ಮುಖ ಬರಲೆಂದು ಅವರು ಎರಡು ನಿಮಿಷ ಹೆಚ್ಚಿಗೆ ತೂಗಿದರೆ ಬಟ್ಟೆಯ ಬಿಳುಪು ಸುಣ್ಣವಾಗುತ್ತಿತ್ತು, ಬಟ್ಟೆಯನ್ನು ಉಳಿಸಿದರೆ ಮುಖ ಕತ್ತಲೆಗೆ ಉಳಿಯುತ್ತಿತ್ತು. ಚಿತ್ರಕ್ಕೆ ಕುಳಿತವರ ಮುಖಕ್ಕೆ ಪೌಡರು ಬಳಿಯುತ್ತಿದ್ದುದು, ನೆಗೆಟಿವ್‌ನ ಮೇಲೆ ಮೊನೆಮಾಡಿದ ಸೀಸದ ಕಡ್ಡಿಯಿಂದ ಕೆನ್ನೆಯನ್ನು ತಿದ್ದುತ್ತಿದ್ದುದು ಕೇವಲ ಅಲಂಕಾರದ ಆಸೆಯಿಂದಲ್ಲ. ಫಿಲ್ಮು ನುಂಗಿದ್ದನ್ನು ಮರಳಿ ತರುವ ಯತ್ನವೂ ಅದರಲ್ಲಿ ಇದ್ದಿತು.

ಉಳಿದದ್ದು ಎಲ್ಲ ಫಿಲ್ಮಿಗೂ ಸಮಾನ. ನೀರಿನಲ್ಲಿ ಒಮ್ಮೆ ಅದ್ದಿ, ಹೈಪೋದಲ್ಲಿ ಪಟ್ಟಿ ತಿಳಿಯಾಗುವವರೆಗೆ ಎಷ್ಟು ಹೊತ್ತಾಯಿತೋ ಅದರ ಎರಡು ಪಟ್ಟು ಬಿಡಬೇಕು. ನೀರಿನ ಬರವಿರುವ ದಿನಗಳಲ್ಲಿ ನಲ್ಲಿಯ ಕೆಳಗೆ ಅರ್ಧ ಗಂಟೆ ಹಿಡಿಯುವುದು ಪಾಪ. ಮುಚ್ಚಳದ ಡಬ್ಬಿಯಲ್ಲಿ ಹೊಸ ನೀರು ತುಂಬಿ ಐದು ಸಲ ಮಗುಚಿ ಚೆಲ್ಲಿ, ಮತ್ತೆ ತುಂಬಿ ಹತ್ತು ಸಲ, ಮತ್ತೆ ತುಂಬಿ ಇಪ್ಪತ್ತು ಸಲ ಮಗುಚಿದರೆ ಸಾಕಾಗುತ್ತದೆ. ಬೋರಿನ ನೀರಿನ ಸುಣ್ಣದಂಶ ಒಣಗುವಾಗ ಕಲೆಯಾಗಿ ನಿಲ್ಲುವುದರಿಂದ ಕೊನೆಯ ಅದ್ದುವಿಕೆಗೆ ಬ್ಯಾಟರಿಗೆ ಹಾಕುವ ಬಟ್ಟಿಯಿಳಿಸಿದ ನೀರು ಒಳ್ಳೆಯದು. ಒಣಹಾಕುವಲ್ಲಿ ದೀಪವಿರಬಾರದು. ಮುಂಗಾರಿನ ಒಂದು ರಾತ್ರಿ ದೀಪ ಹಚ್ಚಿಟ್ಟರೆ ಬೆಳಗಿಗೆ ಪ್ರತಿಯೊಂದು ಚಿತ್ರದಲ್ಲಿಯೂ ರೆಕ್ಕೆಹುಳುವಿನ ರೆಕ್ಕೆ ಅಂಟಿರುತ್ತದೆ.

ಇನ್ನು ಮೂಡಲಗಿ. ಈಗ ಆ ತಾಲೂಕಿಗೆ ಸೇರಿರುವ ಕುಲಗೋಡವು ಶ್ರೀಕೃಷ್ಣ ಪಾರಿಜಾತವನ್ನು ಬಯಲಾಟವಾಗಿ ಬೆಳೆಸಿದ ತಮ್ಮಣ್ಣನ ಊರು. ಕೌಜಲಗಿ ನಿಂಗಮ್ಮನ ಊರೂ ಅಲ್ಲಿಯೇ ಹತ್ತಿರ. ಹಳೆಯ ಆಟಗಾರರ ಚಿತ್ರಗಳನ್ನು ನೋಡುವಾಗ ಕೆನ್ನೆಗೆ, ತುಟಿಗೆ ಕಾಡಿಗೆ ಬಳಿದುಕೊಂಡಿದ್ದಾರೇನೋ ಎಂದು ಭ್ರಮೆಯಾಗುವುದುಂಟು. ಬಳಿದದ್ದು ಕೆಂಪು. ರಾತ್ರಿ ದೀವಟಿಗೆಯ ಬೆಳಕಿನಲ್ಲಿ ಸಾವಿರ ಜನರ ಕಣ್ಣು ಸೆಳೆದ ಬಣ್ಣ ಫಲಕದ ಮೇಲೆ ಗ್ರಹಣವಾಗಿ ಕುಳಿತಿದೆ. ಮಡಿಹೆಂಗಸರ ಚಿತ್ರಗಳೂ ಹೀಗೆಯೇ ನಮ್ಮನ್ನು ದಾರಿತಪ್ಪಿಸುತ್ತವೆ. ವಿಧವೆಯಾದ ಬ್ರಾಹ್ಮಣ ಹೆಂಗಸಿಗೆ ಕೆಂಪು ಸೀರೆಯೊಂದೇ ಉಡುಗೆಯಾಗಿದ್ದ ಕಾಲದ ಚಿತ್ರಗಳಲ್ಲಿ ಅವರು ಕರಿಯ ಸೀರೆ ಉಟ್ಟು ಕುಳಿತಿರುವಂತೆ ಕಾಣುತ್ತಾರೆ. ನಮ್ಮ ಹುಡುಗರು ಅದನ್ನು ನೋಡಿ, ಶೋಕಕ್ಕೆ ಕಪ್ಪು ಉಡುವ ಪದ್ಧತಿ ನಮ್ಮಲ್ಲಿಯೂ ಇತ್ತೆಂದು ತಿಳಿದರೆ ಅವರ ತಪ್ಪಲ್ಲ.

ಆ ಭಾಗದ ಒಂದು ಹಳ್ಳಿಯ ಮನೆಯಲ್ಲಿ ಎಂಬತ್ತು ದಾಟಿದ ತಾಯಿಯೊಬ್ಬರನ್ನು ಒಂದೇ ಕಟ್ಟೆಯ ಮೇಲೆ, ಒಂದೇ ಬೆಳಕಿನಲ್ಲಿ, ಎರಡು ಚಿತ್ರ ತೆಗೆದೆ: ಒಂದು ಪ್ಯಾನ್ ಫಿಲ್ಮಿನಲ್ಲಿ, ಇನ್ನೊಂದು ಆರ್ಥೋದಲ್ಲಿ. ಹದಿನೈದು ದಿನ ಬಿಟ್ಟು ಎರಡರ ಪ್ರತಿಗಳನ್ನೂ ಒಯ್ದು ಕೈಯಲ್ಲಿಟ್ಟೆ. ಮೊದಲನೆಯದನ್ನು ನೋಡಿ ನಕ್ಕರು. ಎರಡನೆಯದನ್ನು ಬಹಳ ಹೊತ್ತು ಹಿಡಿದುಕೊಂಡು ಕುಳಿತರು. ಅದರಲ್ಲಿ ಅವರ ಮೈಬಣ್ಣ ಎರಡು ಛಾಯೆ ಕಂದಿ, ಮುಖದ ಗೆರೆಯೊಂದೊಂದೂ ಕೊರೆದಂತಾಗಿ, ಹಣೆಯ ಮೇಲೆ ಕಾಸಿನಗಲ ಕರಿಬೊಟ್ಟು ನಿಂತಿತ್ತು.

“ಇದು ನಾ ಅಲ್ಲರೀ, ನಮ್ಮವ್ವ,” ಎಂದರು. ಎದ್ದು ಹೋಗಿ ಒಳಗಿನಿಂದ ಕಟ್ಟು ಹಾಕಿದ ಒಂದು ಚಿತ್ರವನ್ನು ಸೆರಗಿನಿಂದ ಒರೆಸುತ್ತ ತಂದರು. ಅವರ ತಾಯಿಯದು. ಸುಮಾರು ಎಂಬತ್ತು ವರ್ಷದ ಹಿಂದಿನದಿರಬೇಕು. ತೊಡೆಯ ಮೇಲಿನ ಕೂಸು ತಾವೇ ಎಂದು ತೋರಿಸಿದರು. ಕಪ್ಪು ಮುಖ, ಕಪ್ಪು ಸೆರಗು, ಕೊರಳಲ್ಲಿ ದಪ್ಪ ಕರಿಮಣಿಯ ಸರ. “ಹುಡುಗೂರು ಕರಿ ಆಯಿ ಅಂತಾವರೀ ಆಕಿಗೆ. ನಮ್ಮವ್ವ ಕೆಂಪಗ ಇದ್ಲೋ, ನನಗಿಂತ ಕೆಂಪಗ ಇದ್ಲು ಅಂದ್ರ ಯಾರೂ ನಂಬಂಗಿಲ್ಲ. ಫೋಟೋ ಸುಳ್ಳು ಹೇಳತೈತೇನು ಆಯಿ ಅಂತಾವ.”

ಕರಿ ಆಯಿ ಎಂದರೆ ತಾನೇನು ಕಡಿಮೆಯಾಯಿತು ಎಂದು ಕೇಳಬಹುದು. ಕಪ್ಪಾಗಿದ್ದರೆ ಕುಂದೇನೂ ಇಲ್ಲ. ಕೆಂಪನ್ನೇ ಚೆಲುವೆಂದು ಎಣಿಸುವ ನಮ್ಮ ಚಟವನ್ನು ನಾನು ಸಮರ್ಥಿಸುವವನಲ್ಲ. ಆ ತಾಯಿಯ ಕೊರಗೇ ಬೇರೆ. ತಾನು ಕಂಡ ಮುಖವನ್ನು ಮನೆಯವರೆಲ್ಲ ಸೇರಿ ಇಲ್ಲವೆನ್ನುತ್ತಿದ್ದರು, ಅದೂ ಒಂದು ಚಿತ್ರದ ಆಧಾರದ ಮೇಲೆ.

ಹಳೆಯ ಚಿತ್ರವೊಂದೇ ಕೈಯಲ್ಲಿದ್ದಾಗ ಮೈಬಣ್ಣವನ್ನು ಕುರಿತು ಖಂಡಿತವಾಗಿ ಹೇಳಲಾಗದು. ಬೆಳಕು ಕಡಿಮೆ ಬಿದ್ದಿರಬಹುದು, ಪ್ರತಿ ತೆಗೆದವನು ಕಪ್ಪಾಗಿಸಿರಬಹುದು. ಆದರೆ ಫಿಲ್ಮಿಗೆ ಕೆಂಪು ಕಾಣುತ್ತಿತ್ತೇ ಇಲ್ಲವೇ ಎಂಬುದಕ್ಕೆ ಚಿತ್ರದೊಳಗೇ ಸಾಕ್ಷಿ ಹುಡುಕಬಹುದು. ಇಳಕಲ್ಲ ಸೀರೆಯ ಸೆರಗು ಬಹುಮಟ್ಟಿಗೆ ಕೆಂಪು ನೆಲ, ಬಿಳಿಯ ತೆನೆ. ಇಲ್ಲಿ ಅದು ಕಪ್ಪು ನೆಲ, ಬಿಳಿಯ ತೆನೆ. ಇದು ಸಾಕೆನ್ನಿಸದೆ ಕೊರಳ ಸರವನ್ನು ಕೇಳಿದೆ. “ಕರಿಮಣಿ ಅಲ್ಲರೀ ಅದು, ಹವಳ. ಐತಲ್ಲ ಇನ್ನೂ,” ಎಂದು ಪೆಟ್ಟಿಗೆಯ ತಳದಿಂದ ಗಂಟು ಬಿಚ್ಚಿ ತೆಗೆದರು. ಹವಳದ ಗುಂಡುಗಳು ದೊಣ್ಣಮೆಣಸಿನಕಾಯಿ ಹಣ್ಣಾದಂತೆ ಕೆಂಪಗಿದ್ದುವು. ನಡುವೆ ಚಿನ್ನದ ಒಂದು ಗುಂಡು. ಅದರ ಪಕ್ಕದ ಹವಳ ಒಂದು ಮಗ್ಗುಲು ಸೀಳಿತ್ತು. ಭೂತಗನ್ನಡಿಯಲ್ಲಿ ನೋಡಿದರೆ ಚಿತ್ರದಲ್ಲಿಯೂ ಅದೇ ಗುಂಡು, ಅದೇ ಸೀಳು, ಆದರೆ ಇದ್ದಿಲಿನಂತೆ ಕಪ್ಪು.

ಮನೆಯ ಹುಡುಗರು ಸುತ್ತ ನೆರೆದಿದ್ದರು. ಸರವನ್ನೂ ಚಿತ್ರವನ್ನೂ ಒಬ್ಬರ ಕೈಯಿಂದೊಬ್ಬರು ಕಸಿದುಕೊಂಡು ನೋಡಿದರು. ಹಿರಿಯ ಹುಡುಗನೊಬ್ಬನಿಗೆ ಇಷ್ಟರಿಂದ ಸಮಾಧಾನವಾಗಲಿಲ್ಲ. ನನ್ನ ಕ್ಯಾಮರಾದಲ್ಲಿ ಈಗ ಇರುವುದು ಆ ಫಿಲ್ಮೇ ಎಂದು ಖಚಿತಪಡಿಸಿಕೊಂಡು, ಸರವನ್ನು ಅಜ್ಜಿಯ ಕೊರಳಿಗೇ ಹಾಕಿ ಇನ್ನೊಂದು ಚಿತ್ರ ತೆಗೆಯಬೇಕೆಂದ. ಅವರು ಮೊದಲು ಒಲ್ಲೆನೆಂದು, ಆಮೇಲೆ ಬೆನ್ನು ನೆಟ್ಟಗೆ ಮಾಡಿ ಕುಳಿತರು. ರೋಲಿನಲ್ಲಿ ಇನ್ನೂ ಮೂರು ಉಳಿದಿದ್ದುವು. ಅಷ್ಟರಲ್ಲಿ ಚಿಕ್ಕವರು ಮನೆಯೆಲ್ಲ ಜಾಲಾಡಿ ಕಟ್ಟೆಯ ಮೇಲೆ ಸಾಲಾಗಿ ಇಡತೊಡಗಿದ್ದರು: ಒಂದು ಪ್ಲಾಸ್ಟಿಕ್ ಬಕೆಟ್ಟು, ಬ್ಯಾಡಗಿ ಮೆಣಸಿನಕಾಯಿ, ಸಾಲೆಯ ರಿಬ್ಬನ್ನು, ಕುಂಕುಮದ ಭರಣಿ, ಯಾರದೋ ಮೋಟರ್‌ಸೈಕಲ್ಲಿನ ಹಿಂದಿನ ದೀಪದ ಒಡೆದ ಗಾಜು.